ಕಳ್ಳರಿಂದ ಮನೆಯನ್ನು ಕಾಪಾಡಿಕೊಳ್ಳಲು ನಾವು ಮಾಡಿಸಿದ ಕೆಲಸಗಳು

ನಮ್ಮ ಸಾಲಿನಲ್ಲೇ ಇರುವ ಮನೆಯೊಂದಕ್ಕೆ ಹಾಡುಹಗಲೇ ಕಳ್ಳರು ನುಗ್ಗಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತೊಯ್ದರು. ವಿಚಾರಿಸಿಕೊಂಡು ಬರಲು ಹೋದಾಗ ಆ ಮನೆಯವರು ನನ್ನನ್ನು ಮುಂಬಾಗಿಲ ಬಳಿ ನಿಲ್ಲಿಸಿ ತೋರಿಸಿದರು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಬಾಗಿಲಿನ ಅಂಚಿನಿಂದ ಅದರ ನಾಲಗೆ ಆಗಲೂ ಪೂರ್ತಿಯಾಗಿ ಹೊರಚಾಚಿಕೊಂಡೇ ಇತ್ತು. ಆ ನಾಲಗೆಯನ್ನು ಹಿಡಿದಿಟ್ಟುಕೊಳ್ಳಬೇಕಾದ ಲೋಹದ ಪಟ್ಟಿ ಮಾತ್ರ ಚೌಕಟ್ಟಿನ ಮರದ ಸೀಳೊಂದರ ಸಮೇತ ಕಿತ್ತುಬಂದು ನೆಲದ ಮೇಲೆ ಬಿದ್ದಿತ್ತು. ಪಟ್ಟಿಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ಎರಡು ಸ್ಕ್ರೂಗಳು ಹೆಬ್ಬೆರಳಿನ ಉಗುರಿಗಿಂತ ತುಸು ಉದ್ದವಿದ್ದವು, ಅಷ್ಟೆ. ಅಷ್ಟು ಗಟ್ಟಿಯಾದ ಬೀಗ ಇಷ್ಟು ಸಣ್ಣ ಎರಡು ಸ್ಕ್ರೂಗಳ ಮೇಲೆ ನಿಂತಿತ್ತು ಎಂಬುದನ್ನು ಕಂಡ ಮೇಲೆ ಮನೆಯ ಭದ್ರತೆಯ ಬಗ್ಗೆ ನಾನು ಯೋಚಿಸುವ ಕ್ರಮವೇ ಬದಲಾಯಿತು.

ನಮ್ಮ ಮನೆಯಲ್ಲಿ ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ಅಮ್ಮ ಇದ್ದೇವೆ. ಹಗಲಿನಲ್ಲಿ ಬಹುಪಾಲು ಹೊತ್ತು ಅಮ್ಮ ಒಬ್ಬರೇ ಇರುತ್ತಾರೆ. ಆದ್ದರಿಂದ ನಮಗೆ ಇದು ಒಡವೆ, ಹಣದ ಪ್ರಶ್ನೆಯಷ್ಟೇ ಆಗಿರಲಿಲ್ಲ. ಕೆಲಸವನ್ನು ಮುಂದೂಡದಿರಲು ಇನ್ನೊಂದು ಕಾರಣವೂ ಇತ್ತು. ಒಮ್ಮೆ ಕಳ್ಳತನವಾದ ಮನೆಗೆ ಸ್ವಲ್ಪ ದಿನಗಳಲ್ಲೇ ಮತ್ತೆ ಕಳ್ಳರು ಬರುವ ಸಂಭವ ಹೆಚ್ಚು ಎಂಬುದು ಅಪರಾಧಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಅಕ್ಕಪಕ್ಕದ ಮನೆಗಳಿಗೂ ಆ ಕೆಲವು ವಾರಗಳಲ್ಲಿ ಅಪಾಯ ಹೆಚ್ಚಿರುತ್ತದೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲಿ ನಡೆದ ಯೋಜನೆಯೊಂದು ಈ ತಿಳಿವಳಿಕೆಯ ಮೇಲೆಯೇ ನಿಂತಿತ್ತು. ಅಲ್ಲಿ ಕಳ್ಳತನಕ್ಕೆ ಈಡಾದ ಮನೆಗಳಿಗೇ ಮೊದಲು ಭದ್ರತೆ ಒದಗಿಸಿ, ಅವುಗಳ ಸುತ್ತಲಿನ ಐದಾರು ಮನೆಯವರನ್ನು ಒಬ್ಬರ ಮನೆಯ ಮೇಲೆ ಇನ್ನೊಬ್ಬರು ಕಣ್ಣಿಡುವಂತೆ ಜೊತೆಗೂಡಿಸಿದರು, ಮತ್ತು ಕಳ್ಳತನಗಳು ಗಣನೀಯವಾಗಿ ಇಳಿದವು. ಇದನ್ನು ಓದಿದ ಮೇಲೆ ನಾವು ಆ ಮನೆಯವರೊಂದಿಗೂ ಎದುರು ಮನೆಯವರೊಂದಿಗೂ ಕುಳಿತು ಮಾತನಾಡಿ, ಯಾರು ಊರಿಗೆ ಹೋದರೂ ಉಳಿದವರಿಗೆ ತಿಳಿಸಿಯೇ ಹೋಗುವುದೆಂದು ಮೊದಲು ಗೊತ್ತುಮಾಡಿಕೊಂಡೆವು.

ಅನಂತರ ನಾನೂ ಪತ್ನಿಯೂ ಮನೆಗೆ ಬೀಗ ಹಾಕಿ, ಕೀಲಿಕೈ ಇಲ್ಲದೆ ಒಳಗೆ ಹೋಗಬೇಕಾದರೆ ಎಲ್ಲಿಂದ ಹೋಗಬಹುದು ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಮನೆಯ ಸುತ್ತ ನಡೆದೆವು. ಹಗಲಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಳಗಿನ ದೀಪಗಳನ್ನು ಹಾಕಿಟ್ಟು ಇನ್ನೊಮ್ಮೆ. ರಾತ್ರಿಯ ಸುತ್ತಿನಲ್ಲಿ ಬೀದಿಯಿಂದಲೇ ನಡುಮನೆಯ ಬೀರು, ಟಿವಿ, ಮೇಜಿನ ಮೇಲಿನ ಲ್ಯಾಪ್‌ಟಾಪ್ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು. ಹಿಂಬದಿಯ ಕಿಟಕಿಯನ್ನು ಮುಚ್ಚುವಷ್ಟು ಎತ್ತರಕ್ಕೆ ಪೊದೆ ಬೆಳೆದಿತ್ತು. ಅದರ ಹಿಂದೆ ನಿಂತವನು ಯಾವ ಮನೆಯವರ ಕಣ್ಣಿಗೂ ಬೀಳುತ್ತಿರಲಿಲ್ಲ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ಏಣಿಯಿತ್ತು, ಮಳೆನೀರಿನ ಪೈಪು ತಾರಸಿಯವರೆಗೆ ಹೋಗಿತ್ತು, ತಾರಸಿಯ ಬಾಗಿಲಿಗೆ ಒಂದು ತೆಳ್ಳನೆಯ ಚಿಲಕವಿತ್ತು. ಸ್ನಾನದ ಮನೆಯ ಗವಾಕ್ಷಿಯ ಗಾಜಿನ ಪಟ್ಟಿಗಳನ್ನು ಹಿಡಿದಿರುವ ತಗಡಿನ ಕೊಕ್ಕೆಗಳು ಎಷ್ಟು ಸಡಿಲವಾಗಿದ್ದವೆಂದರೆ, ಪತ್ನಿ ಹೊರಗಿನಿಂದ ಒಂದು ಪಟ್ಟಿಯನ್ನು ಬೆರಳಿನಿಂದಲೇ ಜಾರಿಸಿ ತೆಗೆದು ನನ್ನ ಕೈಗೆ ಕೊಟ್ಟರು.

ಮನೆಗೆ ನುಗ್ಗುವವನಿಗೆ ಬೇಕಾಗಿರುವುದು ಸಮಯ, ಸದ್ದಾಗದ ಕೆಲಸ ಮತ್ತು ಮರೆ. ಇವುಗಳಲ್ಲಿ ಯಾವುದನ್ನು ಕಿತ್ತುಕೊಂಡರೂ ಅವನ ಕೆಲಸ ಕಷ್ಟವಾಗುತ್ತದೆ. ಮರೆಯನ್ನು ಕಿತ್ತುಕೊಳ್ಳುವುದು ಎಲ್ಲಕ್ಕಿಂತ ಸುಲಭವಾಗಿತ್ತು: ಪೊದೆಯನ್ನು ಕಿಟಕಿಯ ಕೆಳಅಂಚಿನವರೆಗೆ ಕತ್ತರಿಸಿದೆವು, ಏಣಿಯನ್ನು ಒಳಗೆ ತಂದಿಟ್ಟೆವು, ಹಿಂಬದಿಗೆ ಯಾರಾದರೂ ಓಡಾಡಿದರೆ ತಾನಾಗಿಯೇ ಹೊತ್ತಿಕೊಳ್ಳುವ ದೀಪ ಹಾಕಿಸಿದೆವು, ಬೀದಿಗೆ ಕಾಣುವ ಕಿಟಕಿಗಳಿಗೆ ಪರದೆ ಬಂತು.

ಬಾಗಿಲಿನ ಕೆಲಸಕ್ಕೆ ಮಾತ್ರ ನುರಿತ ಬಡಗಿಯೊಬ್ಬರನ್ನೇ ಕರೆಸಿದೆವು. ಅವರು ಬಂದವರೇ ಬೀಗವನ್ನು ನೋಡಲೇ ಇಲ್ಲ. ಬಾಗಿಲು ಮುಚ್ಚಿಸಿ, ಬೀಗದ ಮಟ್ಟದಲ್ಲಿ ಭುಜವಿಟ್ಟು ಒತ್ತಿ, ಚೌಕಟ್ಟು ಎಷ್ಟು ಅಲುಗುತ್ತದೆ ಎಂದು ಬೆರಳಿಟ್ಟು ನೋಡಿದರು. ಆಮೇಲೆ ನಾಲಗೆ ಕೂರುವ ಪಟ್ಟಿಯ ಒಂದು ಸ್ಕ್ರೂ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, "ನೋಡಿ ಸಾರ್, ಇದು ಪಟ್ಟಿ ಬೀಳದ ಹಾಗೆ ಹಿಡಿಯೋಕೆ ಹಾಕಿರೋದು. ಬಾಗಿಲು ಒದ್ದರೆ ತಡೆಯೋಕೆ ಅಲ್ಲ," ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಸಾಮಾನ್ಯವಾಗಿ ಬೀಗದ ಜೊತೆ ಬರುವ ಸ್ಕ್ರೂಗಳು ಚೌಕಟ್ಟಿನ ಮರದ ಮೇಲ್ಪದರವನ್ನಷ್ಟೇ ಹಿಡಿದಿರುತ್ತವೆ. ಬಾಗಿಲಿಗೆ ಬಿದ್ದ ಪೆಟ್ಟಿನ ಭಾರವೆಲ್ಲ ನಾಲಗೆಯ ಮೂಲಕ ಆ ತೆಳುವಾದ ಮರಕ್ಕೆ ಬರುತ್ತದೆ. ಅವರು ಹಳೆಯ ಪಟ್ಟಿಯನ್ನು ತೆಗೆದು, ಉದ್ದನೆಯ ದಪ್ಪ ಉಕ್ಕಿನ ಪಟ್ಟಿಯೊಂದನ್ನು ಕೂರಿಸಿ, ಸುಮಾರು 75 ಮಿಲಿಮೀಟರ್ ಉದ್ದದ ಸ್ಕ್ರೂಗಳು ಚೌಕಟ್ಟನ್ನು ದಾಟಿ ಗೋಡೆಯೊಳಗಿನ ಗಟ್ಟಿ ಭಾಗವನ್ನು ಕಚ್ಚುವಂತೆ ಬಿಗಿದರು. ಚೌಕಟ್ಟಿಗೂ ಗೋಡೆಗೂ ನಡುವೆ ಒಂದೆಡೆ ಬೆರಳು ತೂರುವಷ್ಟು ಪೊಳ್ಳಿತ್ತು. ಅಲ್ಲಿ ಸ್ಕ್ರೂ ಬಿಗಿದರೆ ಚೌಕಟ್ಟೇ ಬಾಗುತ್ತದೆಂದು ಮೊದಲು ಮರದ ತುಂಡುಗಳನ್ನು ಸೇರಿಸಿ ಆ ಜಾಗವನ್ನು ತುಂಬಿದರು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿದ್ದು ಹೊರಗೆ ಯಾರ ಕಣ್ಣಿಗೂ ಕಾಣದ ಈ ಒಂದು ಭಾಗ.

ಬಾಗಿಲಿನ ಇನ್ನೊಂದು ಅಂಚನ್ನು, ಅಂದರೆ ಬಿಜಾಗರಿಗಳ ಕಡೆಯನ್ನು, ಜನ ಮರೆಯುತ್ತಾರೆ. ನಮ್ಮ ಹಿಂಬಾಗಿಲು ಹೊರಕ್ಕೆ ತೆರೆಯುವಂಥದ್ದು, ಆದ್ದರಿಂದ ಬಿಜಾಗರಿಯ ಕಡ್ಡಿಗಳು ಹೊರಗೇ ಇದ್ದವು. ಅವುಗಳನ್ನು ಹೊಡೆದು ತೆಗೆದರೆ ಬೀಗ ಹಾಕಿದ್ದರೂ ಬಾಗಿಲು ಆ ಕಡೆಯಿಂದ ಬಿಚ್ಚಿಕೊಳ್ಳುತ್ತದೆ. ಬಡಗಿ ಬಾಗಿಲಿನ ಅಂಚಿಗೆ ಗಟ್ಟಿ ಉಕ್ಕಿನ ಗೂಟಗಳನ್ನು ಕೂರಿಸಿ, ಬಾಗಿಲು ಮುಚ್ಚಿದಾಗ ಅವು ಚೌಕಟ್ಟಿನ ರಂಧ್ರಗಳಲ್ಲಿ ಹೋಗಿ ಕೂರುವಂತೆ ಮಾಡಿದರು. ಈಗ ಕಡ್ಡಿ ತೆಗೆದರೂ ಬಾಗಿಲು ಕದಲುವುದಿಲ್ಲ. ತಾರಸಿಯ ಬಾಗಿಲು ಒಳಗೆ ಪೊಳ್ಳಾಗಿದ್ದು ಹೊರಗೆ ತೆಳು ಹಲಗೆ ಅಂಟಿಸಿದ್ದಾಗಿತ್ತು. ಅದಕ್ಕೆ ಎಂಥ ಬೀಗ ಹಾಕಿದರೂ ಪ್ರಯೋಜನವಿಲ್ಲವೆಂದು ಬಾಗಿಲನ್ನೇ ಬದಲಿಸಿ, ಇಡಿಯ ಮರದ್ದನ್ನು ಹಾಕಿಸಿದೆವು.

ಇಷ್ಟಾದ ಮೇಲೆ ಬೀಗದ ಸರದಿ. ಇಂದು ಬಹುತೇಕ ಮನೆಗಳ ಬಾಗಿಲಿನಲ್ಲಿರುವುದು ಒಳಗೆ ಸಣ್ಣ ಪಿನ್ನುಗಳು ಸ್ಪ್ರಿಂಗಿನ ಮೇಲೆ ಏರಿಳಿಯುವ ಬೀಗ. ಇದರ ಈಗಿನ ರೂಪವನ್ನು 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ರೂಪಿಸಿದರು. ಇಂಥ ಬೀಗಗಳನ್ನು ಕೀಲಿಕೈ ಇಲ್ಲದೆ ತೆರೆಯುವ ಉಪಾಯಗಳ ಬಗ್ಗೆ ಬಹಳ ಜನ ಆತಂಕ ಪಡುತ್ತಾರೆ. 1851ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ, ಯಾರೂ ತೆರೆಯಲಾರರೆಂದು ಸವಾಲು ಹಾಕಿ ಇಟ್ಟಿದ್ದ ಬ್ರಾಮಾ ಬೀಗವನ್ನು ಆಲ್‌ಫ್ರೆಡ್ ಹಾಬ್ಸ್ ಎಂಬ ಬೀಗತಜ್ಞ ತೆರೆದು ತೋರಿಸಿದ್ದು ನಿಜ, ಆದರೆ ಅದಕ್ಕೆ ಅವನಿಗೆ 51 ಗಂಟೆಗಳ ಕೆಲಸ ಹಿಡಿಯಿತು. ಮನೆಗಳ್ಳನ ಬಳಿ ಅಂಥ ವ್ಯವಧಾನವೂ ಇಲ್ಲ, ಅಂಥ ವಿದ್ಯೆಯೂ ಸಾಮಾನ್ಯವಾಗಿ ಇರುವುದಿಲ್ಲ. ಅವನು ಮೀಟುತ್ತಾನೆ, ಒದೆಯುತ್ತಾನೆ, ಇಲ್ಲವೇ ತೆರೆದಿರುವ ಕಿಟಕಿ ಹುಡುಕುತ್ತಾನೆ. ಬಾಗಿಲು ಮತ್ತು ಕಿಟಕಿಗಳ ಪ್ರತಿರೋಧವನ್ನು ಅಳೆಯುವ ಯುರೋಪಿನ ಇಎನ್ 1627 ಮಾನದಂಡದಲ್ಲಿ ಆರ್‌ಸಿ 2 ದರ್ಜೆಯ ಬಾಗಿಲು ಸ್ಕ್ರೂಡ್ರೈವರಿನಂಥ ಸಣ್ಣ ಸಲಕರಣೆಗಳ ಎದುರು 3 ನಿಮಿಷ, ಆರ್‌ಸಿ 3 ದರ್ಜೆಯದು ಕಬ್ಬಿಣದ ಮೀಟುಗೋಲಿನ ಎದುರು 5 ನಿಮಿಷ ತಾಳಬೇಕು. ಇಷ್ಟೇ ನಿಮಿಷಗಳೇ ಎಂದು ಮೊದಲು ನನಗೆ ಅಚ್ಚರಿಯಾಗಿತ್ತು. ಆದರೆ ಬೆಳಕಿನಲ್ಲಿ, ಸದ್ದು ಮಾಡುತ್ತ, ನೆರೆಯವರಿಗೆ ಕೇಳಿಸುವಂತೆ 5 ನಿಮಿಷ ಬಾಗಿಲು ಮೀಟುವುದು ಕಳ್ಳನಿಗೆ ಬಹಳ ದೀರ್ಘವಾದ ಕಾಲ.

ಹೀಗಾಗಿ ನಾವು ಬೀಗದಲ್ಲಿ ನೋಡಿದ್ದು ಕೆಲವೇ ಅಂಶಗಳನ್ನು. ನಾಲಗೆ ಕನಿಷ್ಠ 25 ಮಿಲಿಮೀಟರಿನಷ್ಟು ಹೊರಬಂದು ಚೌಕಟ್ಟಿನೊಳಗೆ ಆಳವಾಗಿ ಕೂರಬೇಕು. ಒಳಗೆ ತಳ್ಳಿದರೆ ಹಿಂದೆ ಸರಿಯುವ ಸ್ಪ್ರಿಂಗಿನ ನಾಲಗೆಯೊಂದನ್ನೇ ನಂಬಬಾರದು. ಕೀಲಿಕೈ ಹಾಕುವ ಸಿಲಿಂಡರ್ ಬಾಗಿಲಿನ ಹೊರ ಪಟ್ಟಿಯಿಂದ ಮುಂದಕ್ಕೆ ಚಾಚಿಕೊಂಡಿರಬಾರದು, ಏಕೆಂದರೆ ಚಾಚಿಕೊಂಡಿರುವುದನ್ನು ಇಕ್ಕಳದಿಂದ ಹಿಡಿದು ಮುರಿಯಲು ಬರುತ್ತದೆ. ಹಳೆಯ ಕೀಲಿಕೈಗಳು ಹಿಂದೆ ಯಾರ ಯಾರ ಕೈಯಲ್ಲಿ ಓಡಾಡಿದ್ದವೋ ತಿಳಿಯದಿದ್ದುದರಿಂದ ಸಿಲಿಂಡರುಗಳನ್ನು ಪೂರ್ತಿಯಾಗಿ ಬದಲಿಸಿದೆವು. ಬಾಡಿಗೆ ಮನೆಯಿರಲಿ, ಹೊಸದಾಗಿ ಕೊಂಡ ಮನೆಯಿರಲಿ, ಒಳಗೆ ಕಾಲಿಟ್ಟ ದಿನವೇ ಮಾಡಬಹುದಾದ ಕೆಲಸವಿದು.

ಕಿಟಕಿಗಳ ವಿಷಯ ಬಂದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಜಾರುವ ಕಿಟಕಿಗಳದ್ದು ಸುಲಭವಾಗಿ ಮುಗಿಯಿತು: ಅಂಥ ಕಿಟಕಿಯ ರೆಕ್ಕೆಯನ್ನು ಮೇಲಕ್ಕೆತ್ತಿ ಹಳಿಯಿಂದ ಹೊರತೆಗೆಯಲು ಬರುತ್ತದಾದ್ದರಿಂದ, ಮೇಲಿನ ಹಳಿಯಲ್ಲಿ ಎತ್ತಲು ಆಸ್ಪದ ಕೊಡದಂತೆ ಸಣ್ಣ ತಡೆಗಳನ್ನು ಹಾಕಿಸಿ, ಕೆಳಗಿನ ಹಳಿಯಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿದ ಕೋಲನ್ನಿಟ್ಟೆವು. ಗಾಜಿನ ವಿಚಾರದಲ್ಲಿ ಗೊಂದಲವಿತ್ತು. ಗಟ್ಟಿಗಾಜು ಎಂದು ಮಾರುವ ಟಫನ್ಡ್ ಗಾಜು ಒಡೆದಾಗ ಚೂಪಾಗಿರದ ಸಣ್ಣ ಹರಳುಗಳಾಗಿ ಉದುರುತ್ತದೆ. ಅದು ಗಾಯವಾಗದಂತೆ ಕಾಪಾಡುತ್ತದೆಯೇ ಹೊರತು ಒಳಬರುವವನನ್ನು ತಡೆಯುವುದಿಲ್ಲ, ಏಕೆಂದರೆ ಒಂದೇ ಪೆಟ್ಟಿಗೆ ಇಡೀ ಕಿಂಡಿ ಬಯಲಾಗುತ್ತದೆ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಚೂರುಗಳು ಆ ಪದರಕ್ಕೆ ಅಂಟಿಕೊಂಡು ಜಾಗದಲ್ಲೇ ನಿಲ್ಲುತ್ತವೆ, ಅದರಲ್ಲಿ ಕೈ ತೂರಿಸುವಷ್ಟು ತೂತು ಮಾಡಲು ಮತ್ತೆ ಮತ್ತೆ ಸದ್ದಾಗುವಂತೆ ಹೊಡೆಯಬೇಕಾಗುತ್ತದೆ. ಮುಂಬಾಗಿಲ ಪಕ್ಕದ ಉದ್ದ ಗಾಜಿಗೆ ಇದನ್ನೇ ಆರಿಸಿದೆವು.

ಅಮ್ಮನಿಗೆ ಮಾತ್ರ ಎಲ್ಲ ಕಿಟಕಿಗಳಿಗೂ ಕಬ್ಬಿಣದ ಗ್ರಿಲ್ ಹಾಕಿಸದೆ ಸಮಾಧಾನವಿರಲಿಲ್ಲ. "ಕಂಬಿ ಇದ್ದರೆ ನಾನು ಮಧ್ಯಾಹ್ನ ಕಣ್ಣು ಮುಚ್ಚಿ ಮಲಗ್ತೀನಿ ಕಣಪ್ಪಾ," ಎಂದರು. ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಆಗ ಮಗಳು ಕೇಳಿದಳು: "ಅಜ್ಜಿ, ಬೆಂಕಿ ಬಿದ್ದರೆ ನಾವು ಎಲ್ಲಿಂದ ಹೊರಗೆ ಹೋಗೋದು?" ಆ ಪ್ರಶ್ನೆ ನಮ್ಮ ಇಡೀ ಯೋಜನೆಯನ್ನು ಸರಿದಾರಿಗೆ ತಂದಿತು ಎಂದೇ ನಾನು ಭಾವಿಸುತ್ತೇನೆ. ಗೋಡೆಗೆ ಬೆಸೆದ ಕಂಬಿಗಳಿದ್ದ ಮನೆಗಳಲ್ಲಿ ಬೆಂಕಿ ಬಿದ್ದಾಗ ಒಳಗಿದ್ದವರು ಹೊರಬರಲಾರದೆ ಪ್ರಾಣ ಕಳೆದುಕೊಂಡ ದುರಂತಗಳು ಅನೇಕ ದೇಶಗಳಲ್ಲಿ ನಡೆದಿವೆ. ಕಳ್ಳನಿಗೆ ಹಾಕಿದ ತಡೆ ನಮ್ಮವರಿಗೇ ಸೆರೆಯಾಗಬಾರದು. ಆದ್ದರಿಂದ ಗ್ರಿಲ್ ಹಾಕಿಸಿದೆವು, ಆದರೆ ಮಲಗುವ ಕೋಣೆಗಳಲ್ಲಿ ತಲಾ ಒಂದು ಕಿಟಕಿಯ ಗ್ರಿಲ್ ಒಳಗಿನಿಂದ ಕೀಲಿಕೈ ಇಲ್ಲದೆ ಒಂದೇ ಹಿಡಿಕೆ ಎಳೆದರೆ ತೆರೆದುಕೊಳ್ಳುವಂತಿರಬೇಕೆಂದು ಬೆಸುಗೆಯವರಿಗೆ ಖಚಿತವಾಗಿ ಹೇಳಿದೆವು. ಅವರು ಮೊದಲು ಬೀಗ ಹಾಕುವ ಕೊಂಡಿಯನ್ನೇ ಸೂಚಿಸಿದರು. ಹೊಗೆ ತುಂಬಿದ ಕತ್ತಲಲ್ಲಿ ಕೀಲಿಕೈ ಹುಡುಕುವುದು ಆಗದ ಮಾತು ಎಂದು ವಿವರಿಸಿದ ಮೇಲೆ ಒಪ್ಪಿಕೊಂಡರು. ಹೊರಗಿನಿಂದ ಕೈ ತೂರಿಸಿದರೆ ಹಿಡಿಕೆ ಸಿಗದಂತೆ ಅದನ್ನು ತಗಡಿನ ಮರೆಯೊಳಗೆ ಇಡಲಾಯಿತು.

ಕೆಲಸ ಮುಗಿದ ರಾತ್ರಿ ದೀಪಗಳನ್ನೆಲ್ಲ ಆರಿಸಿ ಒಬ್ಬೊಬ್ಬರಾಗಿ ತೆರೆದು ನೋಡಿದೆವು. ಮಕ್ಕಳಿಬ್ಬರೂ ಸಲೀಸಾಗಿ ತೆರೆದರು. ಅಮ್ಮನ ಬೆರಳುಗಳಿಗೆ ಆ ಸಣ್ಣ ಹಿಡಿಕೆ ನಿಲುಕಲಿಲ್ಲ. ಅವರ ಕೋಣೆಯದನ್ನು ಬದಲಿಸಿ, ಅಂಗೈಯಿಂದ ಒತ್ತಿ ಇಳಿಸಬಹುದಾದ ಉದ್ದನೆಯ ಹಿಡಿಕೆ ಹಾಕಿಸಿದೆವು. ಇದೇ ನಿಯಮವನ್ನು ಮುಂಬಾಗಿಲಿಗೂ ಅನ್ವಯಿಸಿ, ಒಳಗಿನಿಂದ ಕೈಯಲ್ಲೇ ತಿರುಗಿಸುವ ಗುಬುಟಿರುವ ಬೀಗವನ್ನೇ ಉಳಿಸಿಕೊಂಡೆವು. ಗಾಜು ಒಡೆದು ಕೈಹಾಕಿ ಆ ಗುಬುಟನ್ನು ತಿರುಗಿಸುವ ಸಾಧ್ಯತೆಯಿದೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಪಕ್ಕದ ಗಾಜಿಗೆ ಲ್ಯಾಮಿನೇಟೆಡ್ ಆರಿಸಿದ್ದು ಅದಕ್ಕಾಗಿಯೇ.

ಅಮ್ಮನಿಗೆ ಸಂಬಂಧಿಸಿದ ಇನ್ನೊಂದು ವಿಷಯ ಬಡಗಿಯ ಗಮನಕ್ಕೆ ಬಂತು. ಬಾಗಿಲಿನ ಇಣುಕುಗಾಜು ನನ್ನ ಎತ್ತರಕ್ಕೆ ಸರಿಯಾಗಿತ್ತು. ಬೆನ್ನು ಬಾಗಿದ ಅಮ್ಮನಿಗೆ ಅದು ಎಟುಕದೆ, ಯಾರು ಬಂದಿದ್ದಾರೆಂದು ತಿಳಿಯಲು ಅವರು ಬಾಗಿಲನ್ನೇ ತುಸು ತೆರೆಯುತ್ತಿದ್ದರು. ಹಗಲಿನಲ್ಲಿ ಮನೆಯಲ್ಲಿರುವವರು ಅವರೇ ಆದ್ದರಿಂದ, ಅವರ ಕಣ್ಣಿನ ಮಟ್ಟಕ್ಕೆ ಇನ್ನೊಂದನ್ನು ಕೊರೆಸಿದೆವು. ಪರಿಚಯವಿಲ್ಲದವರು ಯಾವ ಕಚೇರಿಯ ಹೆಸರು ಹೇಳಿದರೂ ಬಾಗಿಲು ತೆರೆಯದೆ, "ಮಗ ಬಂದ ಮೇಲೆ ಬನ್ನಿ" ಎನ್ನದೆ, "ಸ್ವಲ್ಪ ಇರಿ, ಫೋನ್ ಮಾಡಿ ಕೇಳ್ತೀನಿ" ಎಂದು ಹೇಳಬೇಕೆಂದು ಮಾತಾಡಿಕೊಂಡೆವು. ಮೊದಲ ಮಾತು ಮನೆಯಲ್ಲಿ ಬೇರೆ ಯಾರೂ ಇಲ್ಲವೆಂಬುದನ್ನು ಹೇಳಿಬಿಡುತ್ತದೆ.

ಎಚ್ಚರಿಕೆಯ ಗಂಟೆ ಮತ್ತು ಕ್ಯಾಮೆರಾಗಳನ್ನು ಉದ್ದೇಶಪೂರ್ವಕವಾಗಿಯೇ ಕೊನೆಗೆ ಇಟ್ಟುಕೊಂಡೆವು. ಬಾಗಿಲು ಗಟ್ಟಿಯಿಲ್ಲದ ಮನೆಯಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಕಳ್ಳ ಒಳಗಿರುತ್ತಾನೆ. ಆದರೂ ಅವುಗಳ ಉಪಯೋಗ ಕಡಿಮೆಯೇನಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಶಾರ್ಲೆಟ್ ಶಾಖೆಯ ಸಂಶೋಧಕರು ಸೆರೆಯಲ್ಲಿದ್ದ 422 ಮನೆಗಳ್ಳರನ್ನು ವಿಚಾರಿಸಿದಾಗ, ಎಚ್ಚರಿಕೆಯ ವ್ಯವಸ್ಥೆ ಇರುವುದು ಕಂಡರೆ ಬೇರೆ ಮನೆ ಹುಡುಕುತ್ತೇವೆ ಎಂದವರು ಸುಮಾರು ಶೇ. 60 ಮಂದಿ. ಬಾಗಿಲುಗಳಿಗೆ ಹಾಕಿಸಿದ ಸೆನ್ಸರ್ ಬಹಳ ಸರಳವಾದದ್ದು: ಚೌಕಟ್ಟಿನ ಮೇಲೆ ಸಣ್ಣ ಗಾಜಿನ ನಳಿಕೆಯೊಳಗೆ ಎರಡು ತೆಳು ಲೋಹದ ಎಳೆಗಳು, ಬಾಗಿಲಿನ ಮೇಲೆ ಒಂದು ಆಯಸ್ಕಾಂತ. ಆಯಸ್ಕಾಂತ ಹತ್ತಿರವಿರುವಷ್ಟು ಕಾಲ ಎಳೆಗಳು ಒಂದಕ್ಕೊಂದು ತಾಗಿರುತ್ತವೆ. ಬಾಗಿಲು ತೆರೆದೊಡನೆ ಬೇರ್ಪಟ್ಟು ಗಂಟೆ ಬಾರಿಸುತ್ತದೆ. ಓಡಾಟವನ್ನು ಗುರುತಿಸುವ ಸೆನ್ಸರ್ ಮೈಯ ಶಾಖದಿಂದ ಬರುವ ಅತಿಗೆಂಪು ಕಿರಣಗಳ ಬದಲಾವಣೆಯನ್ನು ಹಿಡಿಯುತ್ತದೆ. ಅದು ತನ್ನತ್ತ ನೇರವಾಗಿ ಬರುವವನಿಗಿಂತ ಅಡ್ಡಲಾಗಿ ಹಾಯುವವನನ್ನು ಬೇಗ ಗುರುತಿಸುವುದರಿಂದ, ಪಡಸಾಲೆಯ ಬಾಗಿಲಿಗೆ ಎದುರಾಗಿ ಇಡದೆ ಪಕ್ಕದ ಮೂಲೆಯಲ್ಲಿ ಕೂರಿಸಿದೆವು. ಕರೆಂಟ್ ಹೋದರೂ ನಡೆಯಲು ಬ್ಯಾಟರಿ ಇದೆ.

ಮನೆಬಾಗಿಲಲ್ಲಿ ನಿಂತವರನ್ನು ಒಳಗೆ ಕುಳಿತು ಪರದೆಯ ಮೇಲೆ ನೋಡುವ ವ್ಯವಸ್ಥೆಯನ್ನು ಮೊದಲು ರೂಪಿಸಿ, 1969ರಲ್ಲಿ ಪೇಟೆಂಟ್ ಪಡೆದವರು ನ್ಯೂಯಾರ್ಕಿನ ದಾದಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರಬೇಕಾಗಿದ್ದ ಹೆಂಗಸಿನ ಅಗತ್ಯದಿಂದ ಹುಟ್ಟಿದ ಸಾಧನ ಅದು ಎಂದು ತಿಳಿದಾಗ ನನಗೆ ಅಮ್ಮನ ನೆನಪೇ ಬಂತು. ಇಂದಿನ ಕ್ಯಾಮೆರಾ ಇಂಟರ್‌ನೆಟ್ಟಿಗೆ ಸೇರಿರುವುದರಿಂದ ಅದೇ ಒಂದು ಬಾಗಿಲೂ ಹೌದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಹಾಗಾಗಿ ಗೋಡೆಗೆ ಬಿಗಿಯುವ ಮೊದಲೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ, ಸಾಫ್ಟ್‌ವೇರ್ ಹೊಸದಾಗಿಸಿದೆವು. ಮಲಗುವ ಕೋಣೆಗಳ ಕಡೆ ಯಾವ ಕ್ಯಾಮೆರಾವನ್ನೂ ಇಟ್ಟಿಲ್ಲ, ನೆರೆಯವರ ಅಂಗಳ ಅದರ ನೋಟಕ್ಕೆ ಬೀಳದಂತೆ ಅವರನ್ನೇ ಕರೆದು ತೋರಿಸಿ ಕೋನ ಹೊಂದಿಸಿದೆವು. ಕಾವಲಿನ ಹೆಸರಿನಲ್ಲಿ ನೆರೆಯವರ ನೆಮ್ಮದಿ ಕೆಡಿಸಿದರೆ, ಎಲ್ಲ ಯಂತ್ರಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವ ಅವರ ಕಣ್ಣನ್ನೇ ಕಳೆದುಕೊಳ್ಳುತ್ತೇವೆ.

ಉಳಿದದ್ದು ರೂಢಿಗಳು. ಕೀಲಿಕೈಯನ್ನು ಹೂಕುಂಡದ ಕೆಳಗಾಗಲಿ ಮೀಟರ್ ಪೆಟ್ಟಿಗೆಯಲ್ಲಾಗಲಿ ಇಡುವುದಿಲ್ಲ. ಒಂದು ಜೊತೆ ಎದುರು ಮನೆಯವರ ಬಳಿ ಇದೆ. ಪ್ರವಾಸದ ಚಿತ್ರಗಳನ್ನು ಹಿಂದಿರುಗಿದ ಮೇಲೆಯೇ ಹಾಕಬೇಕೆಂಬುದಕ್ಕೆ ಮಕ್ಕಳು ಸ್ವಲ್ಪ ಮುನಿಸಿಕೊಂಡೇ ಒಪ್ಪಿದರು. ನಾವಿಲ್ಲದಾಗ ಸಂಜೆ ದೀಪವೊಂದು ಟೈಮರಿನಿಂದ ಹೊತ್ತಿಕೊಳ್ಳುತ್ತದೆ, ಬಾಗಿಲಿಗೆ ಬಂದ ಕಾಗದಪತ್ರಗಳನ್ನು ನೆರೆಯವರು ತೆಗೆದಿಡುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಬಾಗಿಲು ಮೀಟಿರುವುದು ಕಂಡರೆ ಏನು ಮಾಡಬೇಕೆಂಬುದನ್ನೂ ಮಕ್ಕಳಿಗೆ ಬಿಡಿಸಿ ಹೇಳಿದ್ದೇವೆ. ಒಳಗೆ ಹೋಗಬಾರದು, ಕೂಗಿ ಕರೆಯಬಾರದು, ಏಕೆಂದರೆ ಕಳ್ಳ ಇನ್ನೂ ಒಳಗಿರಬಹುದು ಮತ್ತು ಸಿಕ್ಕಿಬೀಳುವ ಭಯದಲ್ಲಿರುವವನು ಏನು ಮಾಡಲೂ ಹೇಸುವುದಿಲ್ಲ. ನೇರವಾಗಿ ಎದುರು ಮನೆಗೆ ಹೋಗಿ ಅಲ್ಲಿಂದ ಪೊಲೀಸರಿಗೆ ಫೋನ್ ಮಾಡಬೇಕು. ಅವರು ಬಂದು ನೋಡುವವರೆಗೆ ಬಾಗಿಲ ಹಿಡಿಕೆಯನ್ನಾಗಲಿ ಬೀರುವನ್ನಾಗಲಿ ಮುಟ್ಟಬಾರದು. ಬೆಲೆಬಾಳುವ ವಸ್ತುಗಳ ಚಿತ್ರಗಳನ್ನೂ, ಫೋನು ಲ್ಯಾಪ್‌ಟಾಪುಗಳ ಸೀರಿಯಲ್ ಸಂಖ್ಯೆಗಳನ್ನೂ ಒಂದೆಡೆ ಬರೆದು, ಅದರ ಪ್ರತಿಯೊಂದನ್ನು ಮನೆಯ ಹೊರಗೆ ಇರಿಸಿದ್ದೇವೆ. ದೂರು ಕೊಡುವಾಗಲೂ ವಿಮೆ ಕೇಳುವಾಗಲೂ ನೆನಪಿನಿಂದ ಹೇಳುವುದು ಕಷ್ಟ. ಸ್ನಾನದ ಮನೆಯ ಗವಾಕ್ಷಿಗೆ ಸದ್ಯಕ್ಕೆ ಒಳಗಿನಿಂದ ಹಲಗೆ ಬಿಗಿದಿದೆ. ಗಾಳಿಯಾಡುವಂತೆ ಅಡ್ಡಕಂಬಿಗಳ ಚೌಕಟ್ಟು ಮಾಡಿಕೊಡಲು ಬೆಸುಗೆಯವರು ಅಳತೆ ತೆಗೆದುಕೊಂಡು ಹೋಗಿದ್ದಾರೆ.